ಟಿಆರ್‌ಪಿ ಪೆಟ್ಟಿಗೆ ನಿಮ್ಮ ಪೈಕಿ ಯಾರ ಮನೆಯಲ್ಲಾದರೂ ಇದೆಯಾ?

ತಿಪಟೂರಿನವ
ಅಪ್ಪನಿಗೆ 71. ತೋಟದಿಂದ ಬಂದು ಕಾಲು ತೊಳೆದು ಟಿವಿ ಮುಂದೆ ಕೂತರೆ ಮುಗಿಯಿತು. ಮೊನ್ನೆ ಮುದ್ದೆ ತಟ್ಟೆಯಲ್ಲೇ ಆರಿ ಕಲ್ಲಾಯಿತು, ಅವರ ಕಣ್ಣು ಮಾತ್ರ ಪರದೆಯ ಕೆಂಪು ಪಟ್ಟಿ ಬಿಟ್ಟು ಕದಲಲಿಲ್ಲ. ಕೊಬ್ಬರಿ ರೇಟು ವಿಚಾರಿಸಬೇಕಾದ ಮನುಷ್ಯ, ಜೈಲಿನಲ್ಲಿರುವ ಯಾವನೋ ನಟ ಬೆಳಿಗ್ಗೆ ಏನು ತಿಂದ ಅಂತ ನನಗೆ ವರದಿ ಕೊಡುತ್ತಾರೆ. ಇದಕ್ಕೆಲ್ಲ ಮೂಲ, ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಅಂತ ಅಳೆಯುವ ಟಿಆರ್‌ಪಿ. 2020ರ ಲೆಕ್ಕದಲ್ಲಿ ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 21 ಕೋಟಿ. ಆ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ಮೀಟರ್, ಅಂದರೆ ಆ ಪೆಟ್ಟಿಗೆ, ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಅಂದರೆ 4,700ಕ್ಕೂ ಜಾಸ್ತಿ ಮನೆಗೆ ಒಂದು ಮೀಟರ್. ಆ ಒಂದು ಮನೆಯವರು ನೋಡಿದ್ದನ್ನೇ ನಮ್ಮಪ್ಪನಿಗೂ ಬಡಿಸುತ್ತಾರೆ. ಮೀಟರ್ ಕಿತ್ತು ಬಿಸಾಕಿದರೆ ಅರ್ಧ ಗಲಾಟೆ ಕಡಿಮೆಯಾಗುತ್ತದೆ ಅಂತೀನಿ.

ಇನ್ನೊಂದು. ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ಅದೇ ಸುದ್ದಿ ಚಾನೆಲ್ ಬರುತ್ತದೆ. ಅದನ್ನು ತಪ್ಪಿಸುವುದು ಹೇಗೆ? ಗೊತ್ತಿದ್ದವರು ಹೇಳಿ.

ಲೆಕ್ಕದ ಮೇಡಂ
ಅನ್ನ ಬೆಂದಿದೆಯಾ ಅಂತ ನೋಡೋಕೆ ಇಡೀ ಪಾತ್ರೆ ಉಣ್ಣುತ್ತೀರಾ? ಒಂದು ಅಗುಳು ಹಿಚುಕಿದರೆ ಸಾಕಲ್ವಾ? 44 ಸಾವಿರ ಅನ್ನೋದು ಸಣ್ಣ ಸಂಖ್ಯೆಯೇ ಅಲ್ಲ. ಹೆಚ್ಚಿನ ಚುನಾವಣೆ ಸಮೀಕ್ಷೆಗಳನ್ನು ಇದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿ ಮಾಡುತ್ತಾರೆ. ನಿಮ್ಮಪ್ಪ ನೋಡುತ್ತಿರುವುದು ಅವರಿಗೆ ಇಷ್ಟ ಅಂತ. ಮೀಟರ್ ಮೇಲೆ ಗೂಬೆ ಕೂರಿಸಬೇಡಿ.

ಡೆಸ್ಕಿನಲ್ಲಿದ್ದೆ
ಅಗುಳಿನ ಉದಾಹರಣೆ ಚೆನ್ನಾಗಿದೆ ಮೇಡಂ. ಆದರೆ ಆ ಅಗುಳು ಯಾವುದು ಅಂತ ಮೊದಲೇ ತಿಳಿದುಕೊಂಡು ಅದನ್ನು ಮಾತ್ರ ಬೇಯಿಸಿದರೆ? 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಮಾಡಿದ ಆರೋಪವೇ ಅದು. ಮೀಟರ್ ಇದ್ದ ಮನೆಯವರಿಗೆ ದುಡ್ಡು ಕೊಟ್ಟು ಚಾನೆಲ್ ಹಾಕಿಸಿದರು ಅಂತ.

ಲೆಕ್ಕದ ಮೇಡಂ
ಆ ಕೇಸನ್ನು ಮಹಾರಾಷ್ಟ್ರ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಅದನ್ನು ಯಾಕೆ ಹೇಳಲಿಲ್ಲ?

ಡೆಸ್ಕಿನಲ್ಲಿದ್ದೆ
ಸರ್ಕಾರ ಬದಲಾಯಿತು, ಕೇಸು ವಾಪಸ್ ಹೋಯಿತು. ಅದರಿಂದ ಏನು ತೀರ್ಮಾನ ಮಾಡಬೇಕೋ ನೀವೇ ಮಾಡಿ. ನಾನು ಒಂದು ಕನ್ನಡ ಚಾನೆಲ್‌ನಲ್ಲಿ 6 ವರ್ಷ ಇದ್ದೆ. ಹೆಸರು ಬೇಡ. ಗುರುವಾರ ರೇಟಿಂಗ್ ಬರುತ್ತಿತ್ತು. ಅವತ್ತು ಸಂಪಾದಕರ ಮುಖ ನೋಡಿದರೆ ಸಾಕು, ಮುಂದಿನ ವಾರ ಏನು ಸುದ್ದಿ ಅಂತ ಕ್ಯಾಂಟೀನ್ ಹುಡುಗನಿಗೂ ಗೊತ್ತಾಗುತ್ತಿತ್ತು. ರಾಯಚೂರಿನ ಶಾಲೆಯಲ್ಲಿ ಕುಡಿಯುವ ನೀರಿಲ್ಲ ಅನ್ನುವ ವರದಿ ಮಾಡಿದ್ದೆ. ಎರಡೂವರೆ ನಿಮಿಷದ್ದು. ಮಧ್ಯಾಹ್ನ 3ಕ್ಕೆ ಒಮ್ಮೆ ಹಾಕಿ ಮುಗಿಸಿದರು. ಅದೇ ವಾರ ದೇವಸ್ಥಾನದ ಬಾವಿಯಲ್ಲಿ ಹಾವು ಕಂಡದ್ದು ನಾಲ್ಕು ಗಂಟೆ ಓಡಿತು.

ಸಾಗರದ ಮಳೆ
ಹಾಗಾದರೆ ಒಂದು ಪ್ರಶ್ನೆ. 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ರೇಟಿಂಗ್ ನಿಂತೇ ಹೋಗಿತ್ತು. 17 ತಿಂಗಳು. ಆಗೇನು ಕಿರುಚಾಟ ಕಡಿಮೆಯಾಗಿತ್ತಾ? ಆಂಕರ್‌ಗಳು ಮೆಲ್ಲಗೆ ಮಾತಾಡಿದರಾ? ಮೀಟರ್ ಇಲ್ಲದಾಗಲೂ ಅದೇ ಹಾಡು, ಅದೇ ರಾಗ. ಜೊತೆಗೆ "ಹ" ಹೇಳೋಕೂ ಬರದ ಆಂಕರ್‌ಗಳು. ಹಾಲಿನ ದರ ಏರಿಕೆ ಅನ್ನೋಕೆ "ಆಲಿನ ದರ" ಅಂತ ಕೂಗುತ್ತಿದ್ದರು.

ಸಕ್ಕರೆ ಸೀಮೆ
ಶುರುವಾಯಿತು ನೋಡಿ. "ಆಲು" ಅಂದರೆ ನಿಮಗೇನು ನೋವು? ಮಂಡ್ಯದಲ್ಲಿ ನಮ್ಮಜ್ಜಿ ಎಮ್ಮೆ ಕರೆದು "ಆಲು" ಅಂತಲೇ ಕೊಡುತ್ತಿದ್ದಳು. ನಾವು ಕುಡಿದು ಬೆಳೆದಿಲ್ವಾ?

ಸಾಗರದ ಮಳೆ
ಅಜ್ಜಿ ಮನೆಯಲ್ಲಿ ಏನಾದರೂ ಅನ್ನಲಿ ಸ್ವಾಮಿ. ಸುದ್ದಿ ಓದುವವರಿಗೆ ಸಂಬಳ ಕೊಡುವುದೇ ಸರಿಯಾಗಿ ಓದಲಿ ಅಂತ. ಚಂದನದಲ್ಲಿ ಓದುವವರನ್ನು ಕೇಳಿ, ಒಂದೊಂದು ಅಕ್ಷರವೂ ಸ್ಪಷ್ಟ.

ಕೇಬಲ್ ಮಂಜಣ್ಣ
ಚಂದನ ನೋಡಿ ಅಂದರೆ ನೀವೂ ನೋಡಲ್ಲ, ಅದು ಬೇರೆ ವಿಷಯ 😄

ಮೊದಲು ಕೇಳಿದವರಿಗೆ: ಬಾಕ್ಸ್ ಆನ್ ಆದ ಕೂಡಲೇ ಬರುವುದಕ್ಕೆ ಲ್ಯಾಂಡಿಂಗ್ ಪೇಜ್ ಅಂತಾರೆ. ಆ ಜಾಗಕ್ಕೆ ಚಾನೆಲ್‌ನವರು ಕೇಬಲ್ ಕಂಪನಿಗೆ ದುಡ್ಡು ಕಟ್ಟುತ್ತಾರೆ. ನೀವು ರಿಮೋಟ್ ಹುಡುಕುವ ಅರ್ಧ ನಿಮಿಷವೂ "ವೀಕ್ಷಣೆ" ಅಂತ ಲೆಕ್ಕಕ್ಕೆ ಬರಲಿ ಅಂತ. 2018ರಲ್ಲಿ ಟಿವಿ, ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ನಿಲ್ಲಿಸಿ ಅಂದಿತು. ಚಾನೆಲ್‌ನವರು ನ್ಯಾಯಮಂಡಳಿಗೆ ಹೋದರು, ಆದೇಶ ಬಿದ್ದುಹೋಯಿತು. 22 ವರ್ಷ ಕೇಬಲ್ ಎಳೆದಿದ್ದೇನೆ. ಜನ ಏನು ನೋಡಬೇಕು ಅಂತ ತೀರ್ಮಾನ ಆಗುವುದು ಸ್ಟುಡಿಯೊದಲ್ಲಿ ಅಲ್ಲ, ಕಂಟ್ರೋಲ್ ರೂಮಿನಲ್ಲಿ.

ಸಕ್ಕರೆ ಸೀಮೆ
ಮಂಜಣ್ಣ, ಅದಿರಲಿ. "ಸರಿಯಾಗಿ" ಅಂದರೆ ಯಾರ ಸರಿ? ಮೈಸೂರು ಅಗ್ರಹಾರದ ಸರಿಯಾ?

ಮೇಷ್ಟ್ರು ನಿವೃತ್ತ
ಜಗಳಕ್ಕೆ ಮುಂಚೆ ಸ್ವಲ್ಪ ಇತಿಹಾಸ. ಹಳಗನ್ನಡದಲ್ಲಿ ಹಾಲು "ಪಾಲ್" ಆಗಿತ್ತು. ಹುಲಿ "ಪುಲಿ". ಹತ್ತು "ಪತ್ತು". ಪಕಾರ ಸವೆದು ಹಕಾರ ಆಯಿತು. ಅದೇ ಹಕಾರ ಇನ್ನೂ ಸವೆದರೆ "ಆಲು". ಪಂಪನಿಗೆ ನಿಮ್ಮ "ಹಾಲು" ಕೇಳಿಸಿದ್ದರೆ ಅವನೂ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಸಾಗರದ ಮಳೆ
ಹಾಗಂತ ನಾಳೆ ಮಕ್ಕಳ ಪರೀಕ್ಷೆಯಲ್ಲಿ "ಆಲು" ಬರೆದರೆ ಪೂರ್ತಿ ಮಾರ್ಕ್ಸ್ ಕೊಡುತ್ತೀರಾ ಮೇಷ್ಟ್ರೇ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ.

ಮೇಷ್ಟ್ರು ನಿವೃತ್ತ
ಬರೆಯುವುದು ಬೇರೆ, ಆಡುವುದು ಬೇರೆ.

ಸಾಗರದ ಮಳೆ
ಇಲ್ಲ ಅಂದಂಗಾಯಿತು. ಥ್ಯಾಂಕ್ಸ್.

ಹುಬ್ಬಳ್ಳಿ ಗಿರ್ಮಿಟ್
ನಿಮ್ಮ ಹಾಲು ಆಲಿನ ಜಗಳದಲ್ಲಿ ನಾವು ಎಲ್ಲಿದ್ದೇವ್ರೀ? ಧಾರವಾಡ ಕಡೆ ಮಾತು ಟಿವಿಯಲ್ಲಿ ಬರುವುದು ಎರಡೇ ಕಡೆ. ಕಾಮಿಡಿ ಶೋದಲ್ಲಿ, ಇಲ್ಲಾ ಸೀರಿಯಲ್ಲಿನ ಅಡುಗೆಯವನ ಬಾಯಲ್ಲಿ. ನಾಯಕ ಮಾತಾಡುವುದು ಬೆಂಗಳೂರು ಕನ್ನಡ. ಮಂಡ್ಯದವರಿಗಾದರೂ ರೌಡಿ ಪಾತ್ರ ಸಿಗುತ್ತದೆ. ನಾವು ಬಾಯಿ ತೆಗೆದರೆ ನಗುವಿನ ಸೌಂಡ್ ಹಾಕುತ್ತಾರೆ. ಪ್ರವಾಹ ಬಂದು ಮನೆ ಕಳೆದುಕೊಂಡ ಹೆಣ್ಣುಮಗಳು ನಮ್ಮ ಮಾತಿನಲ್ಲಿ ಅಳುತ್ತಿದ್ದರೆ ನಮ್ಮದೇ ಆಫೀಸಿನ ಬೆಂಗಳೂರು ಹುಡುಗರು ನಕ್ಕರು. ಕಾಮಿಡಿ ಅಂದುಕೊಂಡರಂತೆ.

ಸಕ್ಕರೆ ಸೀಮೆ
"ರೌಡಿ ಪಾತ್ರ ಸಿಗುತ್ತದೆ" ಅಂತ ಅಸೂಯೆನಾ ಅಣ್ಣ? ತಗೊಳ್ಳಿ, ಬಿಟ್ಟುಕೊಟ್ಟೆ. ನಮ್ಮೂರಿಗೆ ನೇರಪ್ರಸಾರದ ಓಬಿ ವ್ಯಾನು ಬರುವುದೇ ಕಾವೇರಿ ಗಲಾಟೆ ಆದಾಗ. ಹೆದ್ದಾರಿಯಲ್ಲಿ ಸುಡುವುದು ಒಂದು ಟೈರು, ಅದನ್ನೇ ನಾಲ್ಕು ಕಡೆಯಿಂದ ತೋರಿಸಿ "ಹೊತ್ತಿ ಉರಿದ ಮಂಡ್ಯ" ಅಂತ ಹಾಕುತ್ತಾರೆ. ಕಬ್ಬಿನ ಬಾಕಿ ಬಂದಿಲ್ಲ ಅಂತ ಕೂತರೆ ಒಂದು ಮೈಕೂ ಇಲ್ಲ.

ಡೆಸ್ಕಿನಲ್ಲಿದ್ದೆ
ಟೈರಿನ ಮಾತು ನಿಜ. 2016ರ ಸೆಪ್ಟೆಂಬರ್ 12 ನೆನಪಿದೆಯಾ? ಬೆಂಗಳೂರಿನಲ್ಲಿ ಒಂದೇ ಡಿಪೊದಲ್ಲಿ ಹತ್ತಾರು ಬಸ್ಸು ಸುಟ್ಟವು. ಅದಕ್ಕೆ ಮುಂಚೆ ಹುಡುಗನೊಬ್ಬನಿಗೆ ಹೊಡೆಯುವ ವಿಡಿಯೊ ಮೊಬೈಲಿನಲ್ಲಿ ಹರಿದಾಡಿತು. ಚೆನ್ನೈನಲ್ಲಿ ಹೋಟೆಲ್ ಮೇಲೆ ದಾಳಿ ಆಯಿತು. ಆ ದೃಶ್ಯ ಇಲ್ಲಿಯ ಟಿವಿಗಳಲ್ಲಿ ತಿರುಗಿ ತಿರುಗಿ ಬಂತು. ಮೊಬೈಲು ಕಡ್ಡಿ ಗೀರಿತು, ಟಿವಿ ಗಾಳಿ ಹಾಕಿತು.

ಲೆಕ್ಕದ ಮೇಡಂ
ಅಂದರೆ ಶುರು ಮಾಡಿದ್ದು ಮೊಬೈಲು. ನೀವೇ ಒಪ್ಪಿದಿರಿ. ಜಿಯೊ ಬಂದದ್ದೂ ಅದೇ ತಿಂಗಳು 5ಕ್ಕೆ.

ಡೆಸ್ಕಿನಲ್ಲಿದ್ದೆ
ಒಂದೇ ವಾರದಲ್ಲಿ ಜಿಯೊ ಸಿಮ್ಮು ಬಸ್ ಸುಟ್ಟಿತಾ? ಲೆಕ್ಕ ಕಲಿಸುವವರು ಹೀಗೆ ಕೂಡಿಸಬಾರದು.

ಲೆಕ್ಕದ ಮೇಡಂ
ವೈಯಕ್ತಿಕ ಮಾತು ಬೇಡ.

ಸಾಗರದ ಮಳೆ
17 ತಿಂಗಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಅಂತ ನೆನಪಿಸುತ್ತೇನೆ.

ಡೆಸ್ಕಿನಲ್ಲಿದ್ದೆ
ಕೊಡುತ್ತೇನೆ. ಬಾರ್ಕ್ ನಿಂತಾಗ ನಮ್ಮಲ್ಲಿ ಗೋಡೆ ಮೇಲೆ ಇನ್ನೊಂದು ಪರದೆ ಬಂತು. ಯೂಟ್ಯೂಬ್ ಲೈವ್‌ನಲ್ಲಿ ಆ ಕ್ಷಣಕ್ಕೆ ಎಷ್ಟು ಜನ ಇದ್ದಾರೆ ಅನ್ನುವ ಸಂಖ್ಯೆ. ಮುಂಚೆ ಗುರುವಾರ ಮಾತ್ರ ಎದೆ ಢವಢವ, ಆಮೇಲೆ ಪ್ರತಿ ನಿಮಿಷ. ಮಂತ್ರಿ ಮಾತಾಡುವಾಗ ಸಂಖ್ಯೆ ಇಳಿದರೆ ಆಂಕರ್ ಕಿವಿಗೆ "ಕಟ್ ಮಾಡು" ಅಂತ ಹೋಗುತ್ತಿತ್ತು. ಮೀಟರ್ ಹೋಗಲಿಲ್ಲ, ಹತ್ತಿರ ಬಂತು.

ಸಾಗರದ ಮಳೆ
ಹಾಗಾದರೆ ಮೀಟರ್ ಬಿಸಾಕಿದರೆ ಪ್ರಯೋಜನ ಇಲ್ಲ ಅಂತಾಯಿತು. ಅದನ್ನೇ ನಾನು ಹೇಳಿದ್ದು.

ತಿಪಟೂರಿನವ
ನೀವು ಹೇಳಿದ್ದು "ಹ" ಬರಲ್ಲ ಅಂತ.

ಮೇಷ್ಟ್ರು ನಿವೃತ್ತ
ಎಲ್ಲರೂ ಖಾಸಗಿ ಚಾನೆಲ್‌ಗಳನ್ನು ಬೈದದ್ದಾಯಿತು. 2012ರ ಫೆಬ್ರವರಿಯಲ್ಲಿ ಸದನದಲ್ಲಿ ಕೂತು ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಪ್ರಕರಣ ಹೊರಗೆ ಬಂದದ್ದು ಟಿವಿ ಕ್ಯಾಮೆರಾದಿಂದ. 3 ಸಚಿವರು ರಾಜೀನಾಮೆ ಕೊಟ್ಟರು. 2019ರ ಅಕ್ಟೋಬರ್‌ನಲ್ಲಿ ಸಭಾಧ್ಯಕ್ಷರು ವಿಧಾನಸಭೆಯೊಳಗೆ ಖಾಸಗಿ ಕ್ಯಾಮೆರಾ ಬೇಡ ಅಂದರು. ಇನ್ನು ಕ್ಯಾಮೆರಾ ಯಾರ ಮುಖಕ್ಕೆ ತಿರುಗಬೇಕು ಅನ್ನೋದನ್ನು ನಿರ್ಧರಿಸುವವರು ಬೇರೆ. ಶಾಸಕ ನಿದ್ದೆ ಮಾಡಿದರೆ ಅದು ನಿಮಗೆ ಕಾಣುತ್ತದಾ?

ಹುಬ್ಬಳ್ಳಿ ಗಿರ್ಮಿಟ್
ಮೇಷ್ಟ್ರೇ, ಲೋಕಸಭೆಯಲ್ಲೂ ಕ್ಯಾಮೆರಾ ಸಂಸತ್ತಿನದೇ. ಅಲ್ಲೇನು ಪ್ರಜಾಪ್ರಭುತ್ವ ಸತ್ತು ಹೋಯಿತಾ?

ಡೆಸ್ಕಿನಲ್ಲಿದ್ದೆ
ಮಾಲೀಕರು ಯಾರು ಅಂತಲೂ ನೋಡಿ. ಕಸ್ತೂರಿ ಟಿವಿ 2007ರಲ್ಲಿ ಕುಮಾರಸ್ವಾಮಿ ಕುಟುಂಬದಿಂದ ಶುರುವಾಯಿತು. ಸುವರ್ಣ ನ್ಯೂಸ್ ಹಿಂದೆ ಇದ್ದ ರಾಜೀವ್ ಚಂದ್ರಶೇಖರ್ ನಮ್ಮ ರಾಜ್ಯದಿಂದಲೇ ರಾಜ್ಯಸಭೆಯಲ್ಲಿದ್ದವರು. ಕ್ಯಾಮೆರಾ ಖಾಸಗಿ ಅಂದ ಮಾತ್ರಕ್ಕೆ ಸ್ವತಂತ್ರ ಆಗಲ್ಲ.

ಲೆಕ್ಕದ ಮೇಡಂ
ಎರಡು ಹೆಸರು ಹೇಳಿ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದಿರಿ. ಇದೂ ಒಂದು ಅಗುಳೇ ಅಲ್ವಾ? ಈಗ ಸ್ಯಾಂಪಲ್ ಸಾಕಾಯಿತಾ ನಿಮಗೆ?

ಡೆಸ್ಕಿನಲ್ಲಿದ್ದೆ
...

ಕೇಬಲ್ ಮಂಜಣ್ಣ
ಮೇಡಂ ಬೌಂಡರಿ ಹೊಡೆದರು 😄 ಆದರೂ ಒಂದು ಹೇಳುತ್ತೇನೆ. ಹೆಚ್ಚಿನ ಕನ್ನಡ ಸುದ್ದಿ ಚಾನೆಲ್‌ಗಳಿಗೆ ನೀವು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಫ್ರೀ. ಕೊಡುವವರು ಜಾಹೀರಾತಿನವರು. ಕ್ರಿಕೆಟ್‌ಗೆ, ಸೀರಿಯಲ್‌ಗೆ ಕಟ್ಟುತ್ತೀರಿ, ಸುದ್ದಿಗೆ ಕಟ್ಟಲ್ಲ. ಆಮೇಲೆ ಸುದ್ದಿ ಚೆನ್ನಾಗಿಲ್ಲ ಅಂತ ನನಗೆ ಫೋನ್ ಮಾಡುತ್ತೀರಿ.

ತಿಪಟೂರಿನವ
ಅಣ್ಣಾ, ಆ ಲ್ಯಾಂಡಿಂಗ್ ಪೇಜ್ ತೆಗೆಯುವುದು ಹೇಗೆ? ಎರಡನೇ ಸಲ ಕೇಳುತ್ತಿದ್ದೇನೆ.

ಕೇಬಲ್ ಮಂಜಣ್ಣ
ನಿಮ್ಮ ಕೈಯಲ್ಲಿ ಇಲ್ಲ ತಮ್ಮಾ. ಬಾಕ್ಸ್ ಆಫ್ ಮಾಡಬೇಡಿ, ಟಿವಿ ಮಾತ್ರ ಆಫ್ ಮಾಡಿ. ಬೆಳಿಗ್ಗೆ ಹಾಕಿದಾಗ ರಾತ್ರಿ ನೋಡಿದ ಚಾನೆಲ್ಲೇ ಬರುತ್ತದೆ.

ತಿಪಟೂರಿನವ
ರಾತ್ರಿ ನೋಡುವುದೂ ಅದನ್ನೇ. ಹೋದ ವಾರ ಕೇಬಲ್ ಎರಡು ದಿನ ಇರಲಿಲ್ಲ. ನೆಮ್ಮದಿ ಅಂದುಕೊಂಡೆ. ಹೊರಗೆ ಜಗಲಿ ಮೇಲೆ ಮೊಬೈಲು ಕಿವಿಗೆ ಒತ್ತಿಕೊಂಡು ಅದೇ ಚಾನೆಲ್‌ನ ಯೂಟ್ಯೂಬ್ ಲೈವ್ ಕೇಳುತ್ತಿದ್ದರು.

ಸಾಗರದ ಮಳೆ
ನೋಡಿ, ಇಷ್ಟ ಇದ್ದೇ ನೋಡುತ್ತಾರೆ.

ಸಕ್ಕರೆ ಸೀಮೆ
ನೀವು ಮೊದಲು ಮೇಷ್ಟ್ರ "ಪಾಲ್"ಗೆ ಉತ್ತರ ಕೊಡಿ. ಪಾಲ್ ಸರಿ, ಹಾಲು ಸರಿ, ಆಲು ಮಾತ್ರ ಯಾಕೆ ತಪ್ಪು?