ಪದ ಬೇಕು: ಗಾಲ್ಫಿನ ಬಂಕರ್, ಬೌನ್ಸ್ (ಶುಕ್ರವಾರ ಅಚ್ಚಿಗೆ)

ಸು. ನಾ., ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿಗಳ ಮಕ್ಕಳಿಗೆ ಆಟ ಕಲಿಸುತ್ತಾರೆ. ಅವರಿಗಾಗಿ 16 ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉಳಿದದ್ದೆಲ್ಲ ಮುಗಿದಿದೆ, ಬಂಕರಿನ ಅಧ್ಯಾಯ ಮಾತ್ರ ಬಾಕಿ.

ಬಂಕರ್ ಎಂದರೆ ಆಟಕ್ಕೆ ತಡೆಯಾಗಿ ಮೈದಾನದಲ್ಲಿರುವ ಮರಳು ತುಂಬಿದ ತಗ್ಗು. ಅದಕ್ಕೆ ‘ಮರಳುಗುಂಡಿ’ ಎಂದು ಬರೆದಿದ್ದೆ. ಮಕ್ಕಳು ಹೊಳೆಯಲ್ಲಿ ಮರಳು ತೆಗೆದ ಗುಂಡಿ ಅಂದುಕೊಂಡರು. ಅದಕ್ಕಿಂತ ದೊಡ್ಡ ತೊಡಕು ‘ಬೌನ್ಸ್’. ಸ್ಯಾಂಡ್ ವೆಜ್ ಎಂಬ ಕೋಲಿನ ತಳ ಚಪ್ಪಟೆಯಲ್ಲ. ಅದರ ಹಿಂಭಾಗ ಮುಂದಿನ ಅಂಚಿಗಿಂತ ಕೆಳಗೆ ಇಳಿದಿರುತ್ತದೆ, ಸಾಮಾನ್ಯವಾಗಿ 10ರಿಂದ 14 ಡಿಗ್ರಿ. ಆ ಕೋನವೇ ಬೌನ್ಸ್. ಅದಿರುವುದರಿಂದಲೇ ಕೋಲು ಮರಳಲ್ಲಿ ಹೂತುಹೋಗದೆ ಜಾರಿ ಆಚೆ ಬರುವುದು. ಕರಡಿನಲ್ಲಿ ‘ಪುಟಿತ’ ಎಂದು ಹಾಕಿದ್ದೆ. ಓದಿದ ಹುಡುಗಿಯೊಬ್ಬಳು ಚೆಂಡು ಪುಟಿಯಬೇಕು ಅಂದುಕೊಂಡು ನೇರ ಚೆಂಡಿಗೇ ಹೊಡೆದಳು. ಚೆಂಡು ತೂತಿನ ಸುತ್ತಲಿನ ನುಣ್ಣನೆಯ ಹುಲ್ಲುಹಾಸನ್ನು (ಗ್ರೀನ್) ದಾಟಿ ಬೇಲಿಗೆ ಹೋಯಿತು. ತಪ್ಪು ಅವಳದಲ್ಲ, ನಾನು ಕೊಟ್ಟ ಪದದ್ದು.

ಪದಗಳು ಕೂರಬೇಕಾದ ವಾಕ್ಯ ಹೀಗಿದೆ: “ಪಾದ ಮರಳಿಗೆ ಊರಿ. ಕೋಲಿನ ಮುಖ ತೆರೆಯಿರಿ. ಚೆಂಡಿಗಿಂತ ಎರಡು ಇಂಚು ಹಿಂದೆ ಮರಳಿಗೆ ಹೊಡೆಯಿರಿ. ಕೋಲನ್ನು ನಡುವೆ ನಿಲ್ಲಿಸಬೇಡಿ.” ಮುಖ ಎಂದರೆ ಕೋಲಿನಲ್ಲಿ ಚೆಂಡಿಗೆ ತಾಗುವ ಬದಿ. ಇಲ್ಲಿ ‘ಮುಖ ತೆರೆ’ ಕನ್ನಡವೇ? ಬಂಕರ್ ಪಕ್ಕದ ಫಲಕಕ್ಕೆ ‘ರೇಕ್ ಮಾಡಿ’ (ಹಲ್ಲುಗಳಿರುವ ಕೋಲಿನಿಂದ ಮರಳು ಸರಿಮಾಡಿ) ಎನ್ನುವುದಕ್ಕೂ ಒಂದು ಮಾತು ಬೇಕು.

ವಿ. ಶ., ಮೈಸೂರು

ಮಳಲ್ಗುಳಿ. ‘ಮರಳು’ ಎಂಬುದು ಹಳಗನ್ನಡದ ‘ಮಳಲ್’ ಸವೆದು ಆದದ್ದು. ತಮಿಳಿನ ‘ಮಣಲ್’ ನೋಡಿ. ಮರಳು ಎಂದರೆ ಹಿಂದಿರುಗು ಎಂಬ ಗೊಂದಲವೂ ಉಂಟು, ಮಳಲಿಗೆ ಆ ಕಾಟವಿಲ್ಲ. ಫಲಕಕ್ಕೆ ‘ಮಳಲ್ಗುಳಿಯನ್ನು ಸಮಮಾಡಿ’. ಬಂಕರ್ ಎಂದೇ ಬರೆಯುವುದಾದರೆ ನಮ್ಮನ್ನು ಕೇಳುವ ಅಗತ್ಯವಿರಲಿಲ್ಲ.

ಗ. ಪೈ., ಮಂಗಳೂರು

ಕುಳಿ ಬೇಡ ಮಾರಾಯರೇ. ಚೆಂಡು ಕೊನೆಗೆ ಬೀಳಬೇಕಾದ ತೂತಿಗೆ ಆಗಲೇ ಕುಳಿ ಎಂದಿರುತ್ತೀರಿ, ಮಕ್ಕಳು ಯಾವ ಕುಳಿಗೆ ಹೊಡೆಯಬೇಕು? ನಮ್ಮಲ್ಲಿ ಮರಳಿಗೆ ಹೊಯ್ಗೆ. ಇಲ್ಲಿನ ಹೊಯ್ಗೆಬಜಾರ್ ಗೊತ್ತಿರಬಹುದು. ‘ಹೊಯ್’ ಧಾತುವಿಗೆ ಹೊಡೆ, ಸುರಿ ಎರಡೂ ಅರ್ಥ. ಹೊಯ್ಗೆ ಅದರಿಂದಲೇ ಹುಟ್ಟಿದ್ದೆಂದು ನನ್ನ ನಂಬಿಕೆ. ಬಂಕರಿನಲ್ಲಿ ಆಗುವುದೂ ಅದೇ, ಹೊಡೆದದ್ದು ಮರಳಿಗೆ, ಸುರಿದದ್ದು ಗ್ರೀನಿನ ಮೇಲೆ. ‘ಹೊಯ್ಗೆಹೊಯ್ತ’ ಅನ್ನಿ.

ವಿ. ಶ., ಮೈಸೂರು

ಉಲಿ ಹೊಂದಿದ ಮಾತ್ರಕ್ಕೆ ಧಾತು ಹೊಂದದು. ಘಟ್ಟದ ಮೇಲೆ ಹೊಯ್ಗೆ ಯಾರಿಗೂ ತಿಳಿಯುವುದಿಲ್ಲ. ಮುಂದೆ.

ರಾ. ಕೆ., ಬೆಂಗಳೂರು

ಮಳಲ್ ಮಾತ್ರ ತಿಳಿಯುತ್ತದೆಯೇ ಮೇಷ್ಟ್ರೇ? ಬಂಕರ್ ಸ್ಕಾಟ್ಲೆಂಡಿನ ಆಡುಮಾತು. ಅಲ್ಲಿ ಅದಕ್ಕೆ ಮೊದಲು ಪೆಟ್ಟಿಗೆ, ಕೂರುವ ಮಣೆ ಎಂಬ ಅರ್ಥ. ಕಡಲಂಚಿನ ಮರಳುತಗ್ಗಿಗೆ ಆ ಹೆಸರು ಹತ್ತಿದ್ದು ಆಮೇಲೆ, ಸೈನಿಕರು ಅಡಗುವ ಬಂಕರ್ ಬಂದದ್ದು ಇನ್ನೂ ತಡವಾಗಿ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಇಲ್ಲಿನ ಕ್ಯಾಡಿಗಳು ‘ಬಂಕ್ರಿಗೆ ಬಿತ್ತು’, ‘ಬಂಕ್ರಲ್ಲಿದೆ’ ಅಂತಾರೆ. ನಮ್ಮ ವಿಭಕ್ತಿ ಹತ್ತಿದ ಮೇಲೆ ಪದ ನಮ್ಮದೇ. ನಿಮ್ಮ ‘ಸಮಮಾಡಿ’ಯ ಸಮ ಸಂಸ್ಕೃತ, ಮೇಲಿನ ಮೈದಾನ ಪಾರಸಿ. ಅವಕ್ಕಿಲ್ಲದ ತಡೆ ಇದಕ್ಕೇಕೆ?

ವಿ. ಶ., ಮೈಸೂರು

ಅವು ಬಂದಾಗ ತಡೆಯುವವರು ಇರಲಿಲ್ಲ. ಈಗ ಇದ್ದೇವೆ.

ಬ. ಹಿ., ಗದಗ

ನಾ ಗಾಲ್ಫ್ ಆಡಿದಾಂವಲ್ಲ, ಒಕ್ಕಲುತನದಾಂವ. ತಂಗೀ, ನೀ ಬರದದ್ದು ಓದಿದ ಕೂಡಲೇ ಕುಂಟಿ ನೆನಪಾತು. ನೇಗಿಲಾ ನೆಲಾ ಬಗದು ಒಳಗ ಹೋಗತೈತಿ. ಕುಂಟಿ ಹಂಗಲ್ಲ, ಅದರ ಅಲಗು ಮ್ಯಾಲಿನ ಒಂದೆರಡು ಇಂಚು ಮಣ್ಣಿನ ಕೆಳಗ ಸರದು, ಕಸಾ ಕೊಯ್ಕೋತ ಮುಂದ ಹೋಗತೈತಿ. ಇದಕ್ಕ ಹರಗೂದು ಅಂತೀವಿ. ನಡುವ ಎತ್ತು ನಿಂತ್ರ ಅಲಗು ಅಲ್ಲೇ ಕಚ್ಚಿಕೊಂಡು ಕುಂದರತೈತಿ. ಕೋಲು ನಿಲ್ಲಿಸಬ್ಯಾಡ್ರಿ ಅನ್ನೂದೂ ಇದನ್ನ. ‘ಮರಳು ಹರಗಿ’ ಅಂತ ಬರಿ. ಮುಖಾ ತೆರಿಯೂದು ಅಂದ್ರ ಅದನ್ನ ಆಕಾಶಕ್ಕ ಮಾಡೂದಲ್ಲೇನು? ಅದಕ್ಕ ಅಂಗಾತ ಅನ್ನೋ ಮಾತು ಐತಿ.

ರಾ. ಕೆ., ಬೆಂಗಳೂರು

ಹಿರಿಯರ ಮಾತು ಆಟಕ್ಕೆ ಹೇಗೆ ಒಗ್ಗುತ್ತದೆ ನೋಡಿ. ಚೆಂಡು ಮರಳಲ್ಲಿ ಅರ್ಧ ಹೂತಿದ್ದರೆ ಮುಖ ಅಂಗಾತ ಮಾಡುವುದಿಲ್ಲ. ನೆಟ್ಟಗೆ ಮಾಡಿ ಅಂಚಿನಿಂದ ಅಗೆದು ಎಬ್ಬಿಸಬೇಕು. ಚೆಂಡು ಮೇಲಿದ್ದರೆ ಕುಂಟೆ, ಹೂತಿದ್ದರೆ ನೇಗಿಲು. ಕೈಪಿಡಿಯಲ್ಲಿ ಈ ಎರಡು ಮಾತು ಸಾಕು, ಮಕ್ಕಳು ಮರೆಯುವುದಿಲ್ಲ.

ಬೌನ್ಸಿಗೆ ‘ತಳದುಬ್ಬು’. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜನ್ ಮಾಡಿದ್ದೂ ಉಬ್ಬು ಕೊಡುವ ಕೆಲಸವೇ, ಕೋಲಿನ ತಳಕ್ಕೆ ಸೀಸ ಬೆಸೆದು. 1932ರ ಬ್ರಿಟಿಷ್ ಓಪನ್ ಗೆದ್ದಾಗ ಆ ಕೋಲು ಅವನ ಚೀಲದಲ್ಲಿತ್ತು. ಮಳೆಗೆ ಗಟ್ಟಿಯಾದ ಮರಳಲ್ಲಿ ಉಬ್ಬು ಹೆಚ್ಚಾದರೆ ಕೋಲು ನೆಲಕ್ಕೆ ಬಡಿದು ಎಗರಿ ಚೆಂಡಿನ ನಡುವಿಗೆ ತಾಗುತ್ತದೆ. ‘ಪುಟಿತ’ವನ್ನು ಅಲ್ಲಿಗೆ ಉಳಿಸಿಕೊಳ್ಳಿ, ಅಲ್ಲಿ ಪುಟಿಯುವುದು ಕೋಲೇ.

ಇನ್ನೊಂದು. ‘ಪಾದ ಊರಿ’ ಎಂದು ಬರೆದರೆ ಕೋಲನ್ನೂ ಊರಿಯಾರು. ಹೊಡೆಯುವ ಮುನ್ನ ಚೆಂಡಿನ ಹಿಂದುಮುಂದೆ ಕೋಲು ಮರಳಿಗೆ ತಾಗಿದರೆ ಎರಡು ಹೊಡೆತದ ದಂಡ. ‘ಊರು’ ಎಂಬುದನ್ನು ಕೋಲಿಗೇ ಮೀಸಲಿಡಿ: “ಕೋಲು ಊರುವಂತಿಲ್ಲ.” ಪಾದಕ್ಕೆ ‘ಹೂಳಿ’ ಸಾಕು.

ಸು. ನಾ., ಬೆಂಗಳೂರು

ಗದಗಿನ ಅಣ್ಣಾವ್ರಿಗೆ ವಿಶೇಷ ವಂದನೆ. ಇಂದು ಸಂಜೆ ‘ನೇಗಿಲಲ್ಲ, ಕುಂಟೆ’ ಎಂದು ಹೇಳಿ ಆಡಿಸಿದೆವು. ಅದೇ ಹುಡುಗಿಯ ಐದು ಚೆಂಡುಗಳಲ್ಲಿ ಮೂರು ಗ್ರೀನ್ ಮೇಲೆ ನಿಂತವು. ಅಚ್ಚಿಗೆ ಹೋಗುವುದು ಇದು:

“ಬಂಕರಿನಲ್ಲಿ ಪಾದ ಸ್ವಲ್ಪ ಹೂಳಿ ನಿಲ್ಲಿ. ಕೋಲು ಊರಬೇಡಿ. ಮುಖವನ್ನು ಅಂಗಾತ ಮಾಡಿ. ಚೆಂಡಿಗಿಂತ ಎರಡು ಇಂಚು ಹಿಂದಿನಿಂದ ಮರಳನ್ನು ಹರಗಿ, ತಳದುಬ್ಬು ಜಾರಿ ಹೋಗಲಿ. ಚೆಂಡನ್ನು ಎತ್ತುವುದು ಮರಳು, ನೀವಲ್ಲ.”

ಫಲಕಕ್ಕೆ ಹಲುಬೆ (ಹಲ್ಲುಗಳಿರುವ ಬೇಸಾಯದ ಸಲಕರಣೆ) ಎಂಬ ಪದ ಯೋಚಿಸಿದೆ. ಈ ಊರಿನ ಮಕ್ಕಳು ಅದನ್ನು ಕಂಡಿಲ್ಲ. ಸಲಕರಣೆಯ ಹೆಸರನ್ನೇ ಬಿಟ್ಟು “ಆಡಿದ ಮೇಲೆ ಮರಳಲ್ಲಿ ಮೂಡಿದ ಹೆಜ್ಜೆ ಅಳಿಸಿ” ಎಂದು ಬರೆಸುತ್ತೇನೆ.

ವಿ. ಶ., ಮೈಸೂರು

‘ಹೆಜ್ಜೆ ಅಳಿಸಿ’ ಚೆನ್ನಾಗಿದೆ. ಹರಗು, ಅಂಗಾತ ಎರಡೂ ಸರಿ. ಬಂಕರಿಗೆ ನನ್ನ ಒಪ್ಪಿಗೆ ಇಲ್ಲ.