ಗ್ರಾಂಗೆ 12,300 ಆದ ಮೇಲೂ ತಿಂಗಳಿಗೊಂದು ಚಿನ್ನದ ಕಾಯಿನ್ ತಗೊಳ್ಳಬೇಕಾ?

ದಾಸರಹಳ್ಳಿ ಟೀಚರ್ (ನವೆಂಬರ್ 2025)

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ಸಂಬಳ 31,000. ಊರು ಶಿರಸಿ ಹತ್ತಿರ. ಅಡಿಕೆ ದುಡ್ಡು ಬಂದಾಗ ಅಮ್ಮ ಮೊದಲು ಸೊಸೈಟಿ ಸಾಲ ಕಟ್ಟುತ್ತಿದ್ದಳು. ಮಿಕ್ಕಿದ್ದರಲ್ಲಿ ಒಂದು ಚೂರಾದರೂ ಬಂಗಾರ ಮಾಡಿಸುತ್ತಿದ್ದಳು. ಆ ಅಭ್ಯಾಸ ನನಗೂ ಬಂದಿದೆ. 2019ರ ಅಕ್ಷಯ ತೃತೀಯದ ದಿನ ಒಂದು ಗ್ರಾಂ ಕಾಯಿನ್ ತಗೊಂಡೆ. ಆಗ ಗ್ರಾಂಗೆ 3,200 ಆಸುಪಾಸು. ಅಲ್ಲಿಂದ ತಿಂಗಳಿಗೊಂದು. ನಡುವೆ ಕೆಲವು ತಿಂಗಳು ತಪ್ಪಿದ್ದು ಬಿಟ್ಟರೆ ಈಗ 68 ಕಾಯಿನ್ ಇವೆ. ಎಲ್ಲ ಬೀರುವಿನಲ್ಲಿ, ಒಂದು ಹಾರ್ಲಿಕ್ಸ್ ಡಬ್ಬಿಯಲ್ಲಿ. (ನಗಬೇಡಿ.)

ಈಗ ತೊಂದರೆ ಏನೆಂದರೆ, ನಮ್ಮೆಜಮಾನರು ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಮರ್ಚಂಡೈಸರ್, ಅಂದರೆ ಆರ್ಡರ್ ನೋಡಿಕೊಳ್ಳುವವರು. ಮಾಲು ಹೆಚ್ಚಾಗಿ ಅಮೆರಿಕಕ್ಕೆ ಹೋಗುತ್ತದೆ. ಆಗಸ್ಟ್ 27ರಿಂದ ಅಲ್ಲಿ ನಮ್ಮ ಮಾಲಿಗೆ 50% ಸುಂಕ ಬಿತ್ತಲ್ಲ, ಅವತ್ತಿನಿಂದ ಆರ್ಡರ್ ಕಡಿಮೆ. ಓಟಿ (ಓವರ್‌ಟೈಮ್) ನಿಂತಿದೆ. ಮುಂದಿನ ತಿಂಗಳು ಯಾರ್ಯಾರು ಇರುತ್ತಾರೆ ಅಂತ ಕಾರ್ಖಾನೆಯಲ್ಲಿ ಗುಸುಗುಸು. ಬಾಡಿಗೆ 16,000. ಬ್ಯಾಂಕಲ್ಲಿ ಎಫ್‌ಡಿ ಅಂತ ಇರೋದು 40,000 ಮಾತ್ರ.

ಅವರು ಕಾಯಿನ್ ನಿಲ್ಲಿಸು ಅನ್ನುತ್ತಾರೆ. ಅಮ್ಮ ಮಾತ್ರ "ಕಾಲ ಕೆಟ್ಟಾಗಲೇ ಬಂಗಾರ ಬೇಕಾಗೋದು, ಬಿಡಬೇಡ" ಅನ್ನುತ್ತಾಳೆ. ಸಹೋದ್ಯೋಗಿಯೊಬ್ಬರು ಚಿನ್ನ ಬಿಟ್ಟು ಬೆಳ್ಳಿ ತಗೊಳ್ಳಿ, ಇನ್ನೂ ಓಡುತ್ತೆ ಅಂತ ತಲೆ ತಿನ್ನುತ್ತಿದ್ದಾರೆ. ಏನು ಮಾಡಲಿ?

ಹಳೇ ಕ್ಯಾಷಿಯರ್

ಮೊದಲು ಒಂದು ಪ್ರಶ್ನೆ. 2020ರ ಲಾಕ್‌ಡೌನಲ್ಲಿ ಶಾಲೆಯವರು ಪೂರ್ತಿ ಸಂಬಳ ಕೊಟ್ಟರಾ? ಕೊಡದಿದ್ದರೆ ಹೇಗೆ ನಿಭಾಯಿಸಿದಿರಿ?

ದಾಸರಹಳ್ಳಿ ಟೀಚರ್

ಐದು ತಿಂಗಳು ಅರ್ಧ ಸಂಬಳ. ಪಕ್ಕದ ಮನೆಯವರ ಹತ್ತಿರ 30,000 ಕೈಸಾಲ ಮಾಡಿದೆವು. ಚಿನ್ನ ಮುಟ್ಟಲಿಲ್ಲ.

ಹಳೇ ಕ್ಯಾಷಿಯರ್

ಹಾಗಂದುಕೊಂಡೇ ಕೇಳಿದೆ. ನಾನು ಶಿವಮೊಗ್ಗ ಕಡೆ ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಒಡವೆ ಸಾಲದ ಕೌಂಟರಿನಲ್ಲಿದ್ದವನು. ನಿಮ್ಮಂಥವರನ್ನು ಬಹಳ ನೋಡಿದ್ದೇನೆ. ಕಷ್ಟಕಾಲಕ್ಕೆ ಅಂತ ಚಿನ್ನ ಕೂಡಿಡುತ್ತಾರೆ, ಕಷ್ಟ ಬಂದಾಗ ಕೈಸಾಲ ಮಾಡುತ್ತಾರೆ! ಹಾಗಾದರೆ ಅದು ಕಷ್ಟಕಾಲದ ದುಡ್ಡು ಹೇಗಾಯಿತು? ಬೈಯುತ್ತಿಲ್ಲ. ನನ್ನ ಹೆಂಡತಿಯೂ ಹೀಗೇ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಬ್ಯಾಂಕಿನಲ್ಲಿ ಒಡವೆ ಅಡವಿಟ್ಟಷ್ಟು ಸುಲಭವಾಗಿ ಕಾಯಿನ್ ಇಡಲಾಗದು. ನಾನಿದ್ದಾಗ ಬ್ಯಾಂಕೇ ಮಾರಿದ ಕಾಯಿನ್ ಆದರೆ ಮಾತ್ರ, ಅದೂ ಒಬ್ಬರಿಗೆ 50 ಗ್ರಾಂವರೆಗೆ. ಅಂಗಡಿ ಕಾಯಿನ್ ತಂದವರನ್ನು ವಾಪಸ್ ಕಳಿಸುತ್ತಿದ್ದೆವು. ಬಿಸ್ಕತ್ತು, ಗಟ್ಟಿ ಅಂತೂ ಇಲ್ಲವೇ ಇಲ್ಲ. ಬ್ಯಾಂಕು ತಾನು ಮಾರಿದ ಕಾಯಿನನ್ನೂ ತಿರುಗಿ ಕೊಳ್ಳುವುದಿಲ್ಲ. ಅಂದರೆ ನಿಮ್ಮ ಡಬ್ಬಿಯಲ್ಲಿರೋದನ್ನು ದುಡ್ಡು ಮಾಡಬೇಕಾದರೆ ಅಂಗಡಿಗೇ ಹೋಗಬೇಕು. ಯಾವತ್ತಾದರೂ ಒಂದನ್ನು ಮಾರಿ ನೋಡಿದ್ದೀರಾ? ಒಂದೇ ಒಂದು? ಮಾರಿ ನೋಡಿ, ಆಮೇಲೆ ಬನ್ನಿ.

ಒರೆಗಲ್ಲು

ನಾನು ಅಕ್ಕಸಾಲಿ, ಉಡುಪಿ ಕಡೆ. ಕ್ಯಾಷಿಯರ್ ಸರ್ ಹೇಳಿದ್ದು ಸರಿ. ಕಾಯಿನ್ ಲೆಕ್ಕ ಹೇಳುತ್ತೇನೆ ಕೇಳಿ.

ಸಣ್ಣ ಕಾಯಿನಿಗೆ ಕೂಲಿ ಜಾಸ್ತಿ ಬೀಳುತ್ತದೆ. ಒಂದು ಗ್ರಾಂ ಅಂದರೂ ಅಚ್ಚು ಹೊಡೆಯೋದು, ಕಾರ್ಡಿಗೆ ಸೀಲ್ ಮಾಡೋದು ಎಲ್ಲ ಅಷ್ಟೇ ಕೆಲಸ. ಗ್ರಾಂಗೆ 12,300, ಕೂಲಿ 450 ಅಂತಿಟ್ಟುಕೊಳ್ಳಿ, ಮೇಲೆ 3% ಜಿಎಸ್‌ಟಿ. ಸುಮಾರು 13,130 ಆಯಿತು. ಅದೇ ದಿನ ಮಾರಲು ಹೋದರೆ ದರದಲ್ಲಿ ಇನ್ನೂ ಎರಡು ಮೂರು ಪರ್ಸೆಂಟ್ ಮುರಿದು 12,000 ಕೊಟ್ಟಾರು. ಅಂದರೆ ದರ ನೂರಕ್ಕೆ ಒಂಬತ್ತು ಏರಿದ ಮೇಲೆ ನಿಮ್ಮ ದುಡ್ಡು ನಿಮಗೆ. ನೀವು 2019ರಿಂದ ತಗೊಂಡವರು, ಹಳೆಯದಕ್ಕೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇವತ್ತು ತಗೊಳ್ಳುವ ಕಾಯಿನಿಗೆ ಬರುತ್ತದೆ.

ಕಾರ್ಡಿನ ಸೀಲ್ ಒಡೆಯಬೇಡಿ. ಒಡೆದರೆ ಯಂತ್ರದಲ್ಲಿ ನೋಡಬೇಕು, ಕರಗಿಸಬೇಕು ಅಂತ ಹತ್ತು ನೆಪ ತೆಗೆಯುತ್ತಾರೆ.

ದರ ಏರಿದರೆ ನಮಗೆ ಖುಷಿ ಅಂತ ಜನ ಅಂದುಕೊಂಡಿದ್ದಾರೆ. ಮದುವೆಗೆ ಐದು ಪವನಿನ (ಪವನು ಅಂದರೆ ಎಂಟು ಗ್ರಾಂ) ಸರ ಕೇಳುತ್ತಿದ್ದವರು ಈಗ ಎರಡು ಪವನಿಗೆ ಇಳಿದಿದ್ದಾರೆ. ಇಲ್ಲವೇ ಅಜ್ಜಿಯ ಹಳೇ ಬಳೆ ತಂದು ಕರಗಿಸಿ ಮಾಡಿಕೊಡಿ ಅನ್ನುತ್ತಾರೆ. ಆ ಬಳೆಗಳ ಕೆಲಸ ನೋಡಿದರೆ ಕರಗಿಸಲು ಮನಸ್ಸು ಬರುವುದಿಲ್ಲ.

ಹುಬ್ಬಳ್ಳಿ ಬೆಳ್ಳಿ

ಟೀಚರ್ರೀ, ಬೆಳ್ಳಿ ವಿಷಯಕ್ಕೆ ನಾನು ಬರಲೇಬೇಕು. ಹೆಸರೇ ಹಾಗಿಟ್ಟುಕೊಂಡಿದ್ದೇನೆ!

2011ರ ಏಪ್ರಿಲ್‌ನಲ್ಲಿ ಕೆಜಿಗೆ 70,000 ದಾಟಿದಾಗ ಎರಡು ಕೆಜಿ ತಗೊಂಡೆ. ಲಕ್ಷ ಮುಟ್ಟುತ್ತೆ ಅಂತ ಇಡೀ ಓಣಿ ಹೇಳುತ್ತಿತ್ತು. ಹೊರದೇಶದಲ್ಲಿ ಔನ್ಸ್‌ಗೆ (ಸುಮಾರು 31 ಗ್ರಾಂ) 49 ಡಾಲರ್ ಹತ್ತಿರ ಇದ್ದದ್ದು ಹದಿನೈದೇ ದಿನದೊಳಗೆ 35ರ ಆಸುಪಾಸಿಗೆ ಬಿತ್ತು. ನಾನು ತಗೊಂಡ ದರ ತಿರುಗಿ ನೋಡಿದ್ದು 2020ರ ಆಗಸ್ಟ್‌ನಲ್ಲಿ. ಒಂಬತ್ತು ವರ್ಷ! ಅಷ್ಟರಲ್ಲಿ ಮಗಳ ಪಿಯು ಫೀಸಿಗೆ ಒಂದು ಕೆಜಿ ಲುಕ್ಸಾನಿಗೆ ಮಾರಿ ಆಗಿತ್ತು. ಉಳಿದ ಕೆಜಿ ಈ ನವೆಂಬರ್‌ನಲ್ಲಿ ಒಂದೂವರೆ ಲಕ್ಷ, ಅದು ಬೇರೆ ಮಾತು. ಅದನ್ನೇ ಹೇಳಿಕೊಂಡು ನಾನು ಜಾಣ ಅಂತ ತಿರುಗಬಹುದು. ಆದರೆ ಮೊದಲನೇ ಕೆಜಿ ಮಾರಿದ ದಿನ ನನಗೆ ಗೊತ್ತು, ನನ್ನ ಹೆಂಡತಿಗೂ ಗೊತ್ತು.

ಬೆಳ್ಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಕಾರ್ಖಾನೆಗಳಿಗೆ. ಸೋಲಾರ್ ಪ್ಯಾನೆಲ್, ಎಲೆಕ್ಟ್ರಾನಿಕ್ಸ್, ಹೀಗೆ. ಲೋಕದ ವ್ಯಾಪಾರ ಮಂದ ಆದರೆ ಅದೂ ಮಂದ ಆಗಬಹುದು. ನಿಮ್ಮ ಯಜಮಾನರ ಕೆಲಸಕ್ಕೆ ಕುತ್ತು ಬರುವ ಹೊತ್ತಿಗೇ ಬೆಳ್ಳಿಯೂ ಬಿದ್ದರೆ?

ಹಳೇ ಕ್ಯಾಷಿಯರ್

ಚಿನ್ನವೂ ಬೀಳುತ್ತದೆ ರೀ. 2013ರ ಏಪ್ರಿಲ್‌ನಲ್ಲಿ ಎರಡೇ ದಿನದಲ್ಲಿ ಹೊರದೇಶದಲ್ಲಿ ಔನ್ಸ್‌ಗೆ 200 ಡಾಲರ್ ಬಿತ್ತು. ಚಿನ್ನದ ದರ ಹೆಚ್ಚಿದ್ದಾಗ ಒಡವೆ ಸಾಲ ಎತ್ತಿದವರಲ್ಲಿ ಕೆಲವರು ಬಿಡಿಸಿಕೊಳ್ಳಲು ಬರಲೇ ಇಲ್ಲ. ಮೊನ್ನೆ ದೀಪಾವಳಿಯ ಮರುದಿನವೂ 5% ಮೇಲೆ ಕುಸಿಯಿತಲ್ಲ. ಇನ್ನು 2024ರ ಜುಲೈ 23. ಬಜೆಟ್‌ನಲ್ಲಿ ಆಮದು ಸುಂಕ 15%ರಿಂದ 6%ಕ್ಕೆ ಇಳಿಸಿದರು, ಹೊರಗೆ ಏನೂ ಆಗದಿದ್ದರೂ ಇಲ್ಲಿ ದರ ಇಳಿಯಿತು.

ಆದರೂ ನಿಮ್ಮ ಅಮ್ಮ ಹೇಳುವುದರಲ್ಲಿ ಹುರುಳಿದೆ. 1980ರಲ್ಲಿ ಚಿನ್ನ ಔನ್ಸ್‌ಗೆ 850 ಡಾಲರ್ ಮುಟ್ಟಿ ಬಿದ್ದದ್ದು ಮತ್ತೆ ಆ ದರ ದಾಟಿದ್ದು 2008ರಲ್ಲಿ. ಅಮೆರಿಕದವನಿಗೆ 28 ವರ್ಷ ಕಾಯುವ ಪಾಡು. ನಮಗೆ ಅಷ್ಟು ಪೆಟ್ಟು ಬೀಳಲಿಲ್ಲ, ಯಾಕೆಂದರೆ ಡಾಲರ್ 8 ರೂಪಾಯಿ ಇದ್ದದ್ದು 40ರ ಹತ್ತಿರ ಹೋಗಿತ್ತು, ರೂಪಾಯಿ ಲೆಕ್ಕದಲ್ಲಿ ಚಿನ್ನವೂ ಏರಿತ್ತು. ಶಿರಸಿಯ ಅಮ್ಮಂದಿರಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ, ಅನುಭವದಿಂದ ಬಂದದ್ದು.

ಸುಮ್ನೆ ಒಂದು ಕಥೆ. 2015ರ ನವೆಂಬರ್‌ನಲ್ಲಿ ಸರ್ಕಾರದ ಚಿನ್ನದ ಬಾಂಡ್ ಮೊದಲ ಸಲ ಬಂತು. ಯಾರೂ ಕೇಳುವವರಿಲ್ಲ. ಶಾಖೆಯ ಟಾರ್ಗೆಟ್ ಮುಟ್ಟಿಸಲು ನಾನೇ 20 ಗ್ರಾಂ ತಗೊಂಡೆ, ಗ್ರಾಂಗೆ 2,684ರಂತೆ 53,680. ಮನೆಯಲ್ಲಿ ಕಾಗದ ಕೊಟ್ಟು ದುಡ್ಡು ತಗೊಂಡರಾ ಅಂತ ಬೈಸಿಕೊಂಡೆ. 2023ರಲ್ಲಿ 6,132ರಂತೆ 1,22,640 ಬಂತು, ನಡುವೆ ವರ್ಷಕ್ಕೆ ಎರಡೂಮುಕ್ಕಾಲು ಪರ್ಸೆಂಟ್ ಬಡ್ಡಿ ಬೇರೆ. ನನ್ನ ಜೀವನದ ಒಳ್ಳೇ ಹೂಡಿಕೆ, ಮಾಡಿದ್ದು ಮ್ಯಾನೇಜರ್ ಹೆದರಿಕೆಗೆ! ಹೊಸ ಬಾಂಡ್ 2024ರ ಫೆಬ್ರವರಿ ನಂತರ ಬಂದಿಲ್ಲ. ಡಿಮ್ಯಾಟ್ (ಷೇರು ಇಡುವ ಖಾತೆ) ಇದ್ದರೆ ಗೋಲ್ಡ್ ಇಟಿಎಫ್ (ಷೇರಿನಂತೆ ಕೊಂಡು ಮಾರುವ ಚಿನ್ನದ ಫಂಡ್) ನೋಡಿ, ಕೂಲಿ ಇಲ್ಲ, ಮಾರಲು ಅಂಗಡಿಯವನ ಮುಖ ನೋಡಬೇಕಿಲ್ಲ.

ದಾಸರಹಳ್ಳಿ ಟೀಚರ್ (ಎಂಟು ದಿನದ ನಂತರ)

ಮಾರಿ ನೋಡಿದೆ.

ಶನಿವಾರ ಶಾಲೆ ಮುಗಿಸಿ ಮೂರು ಕಾಯಿನ್ ಪರ್ಸಿನಲ್ಲಿಟ್ಟುಕೊಂಡು ಹೋದೆ. ಕಳ್ಳಿ ಥರ ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಯಾವಾಗಲೂ ತಗೊಳ್ಳುತ್ತಿದ್ದ ಅಂಗಡಿಯಲ್ಲಿ "ಒಡವೆಗೆ ಎಕ್ಸ್‌ಚೇಂಜ್ ಮಾಡಿಕೊಳ್ಳಿ ಮೇಡಂ, ಕ್ಯಾಷ್ ಕೊಡಲ್ಲ" ಅಂದರು. ಆರು ವರ್ಷ ಅವರಿಗೇ ದುಡ್ಡು ಕೊಟ್ಟಿದ್ದೇನೆ! ಎರಡನೇ ಅಂಗಡಿಯಲ್ಲಿ ದರದಿಂದ 4% ಮುರಿಯುತ್ತೇವೆ ಅಂದರು. ಚಿಕ್ಕಪೇಟೆಯಲ್ಲಿ 2% ಮುರಿದು, ಆಧಾರ್, ಪಾನ್ ನೋಡಿ ಬ್ಯಾಂಕ್ ಖಾತೆಗೆ ಹಾಕಿದರು. ಹಳೇ ಬಿಲ್ಲು ಕೇಳಿದರು. 2019ರ ಬಿಲ್ಲು ತೆಗೆದರೆ ಅಕ್ಷರವೇ ಮಾಸಿ ಬಿಳೀ ಕಾಗದ ಆಗಿತ್ತು. ಉಳಿದ ಬಿಲ್ಲುಗಳದ್ದೆಲ್ಲ ಆವತ್ತೇ ರಾತ್ರಿ ಫೋಟೊ ತೆಗೆದೆ. ಎರಡು ವರ್ಷ ಮೀರಿದ ಚಿನ್ನದ ಲಾಭಕ್ಕೆ 12.5% ತೆರಿಗೆ ಇದೆಯಂತೆ, ಬಿಲ್ಲಿಲ್ಲದೆ ಲಾಭ ಎಷ್ಟು ಅಂತ ತೋರಿಸೋದು ಹೇಗೆ?

ಆಮೇಲೆ ಕೂತು ಲೆಕ್ಕ ಹಾಕಿದಾಗ ನಾಚಿಕೆಯಾಯಿತು. ತಿಂಗಳಿಗೊಂದು ಗ್ರಾಂ ಅಂತ ನಾನು ಗ್ರಾಂ ಹಿಡಿದುಕೊಂಡಿದ್ದೆ. 3,300 ರೂಪಾಯಿ ಇದ್ದ ಖರ್ಚು 13,000 ಆಗಿದೆ, ಸಂಬಳ ಮಾತ್ರ 22,000ದಿಂದ 31,000. ಏಳನೇ ಕ್ಲಾಸಿಗೆ ಶೇಕಡಾವಾರು ಕಲಿಸುವವಳು ನಾನು.

ಡಿಸೆಂಬರ್‌ನಿಂದ ಕಾಯಿನ್ ಇಲ್ಲ. ಇನ್ನೂ ಹತ್ತು ಹನ್ನೆರಡು ಕಾಯಿನ್ ಮಾರಿ ಐದಾರು ತಿಂಗಳ ಬಾಡಿಗೆ, ದಿನಸಿ ಆಗುವಷ್ಟು ಬ್ಯಾಂಕಿಗೆ ಹಾಕುತ್ತೇವೆ. ಉಳಿದದ್ದು ಹಾಗೇ ಇರಲಿ. ಕಾರ್ಖಾನೆ ನೆಟ್ಟಗಾದರೆ ತಿಂಗಳಿಗೆ 3,000 ಮಾತ್ರ, ಅದೂ ಇಟಿಎಫ್‌ಗೆ. ಬೆಳ್ಳಿ ಬೇಡ, ಹುಬ್ಬಳ್ಳಿಯವರಿಗೆ ಥ್ಯಾಂಕ್ಸ್.

ಅಮ್ಮನಿಗೆ ಇನ್ನೂ ಹೇಳಿಲ್ಲ. ಮಾರಿದ್ದು ಅಂದರೆ ಊಟ ಬಿಡುತ್ತಾಳೆ.

ಒರೆಗಲ್ಲು

ಮಾರಿದ್ದು ಅನ್ನಬೇಡಿ, ಬ್ಯಾಂಕಲ್ಲಿ ಇಟ್ಟಿದ್ದೇನೆ ಅನ್ನಿ. ಸುಳ್ಳೇನಲ್ಲವಲ್ಲ. ಮತ್ತೆ ಆ ಹಾರ್ಲಿಕ್ಸ್ ಡಬ್ಬಿ ಬದಲಾಯಿಸಿ, ಈಗ ಇಲ್ಲಿ ಎಲ್ಲರಿಗೂ ಗೊತ್ತಾಗಿದೆ.