ಗೇಮಿಂಗ್ ಲ್ಯಾಪ್‌ಟಾಪ್: ಈಗಲೇ ತಗೊಳ್ಳೋದಾ, ಇನ್ನೊಂದಷ್ಟು ದಿನ ಕಾಯೋದಾ?

ಕೇಳಿದ್ದು: ದಾವಣಗೆರೆ, ಮೆಕ್ಯಾನಿಕಲ್ ಎರಡನೇ ವರ್ಷ

ಈಗ ಇರೋದು ಅಣ್ಣ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್. 8 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವ್ಯಾಲರೆಂಟ್ ಆಟ ಹೇಗೋ ಓಡುತ್ತೆ, ಯಂತ್ರದ ಭಾಗ ಡಿಸೈನ್ ಮಾಡೋ ಸಾಲಿಡ್‌ವರ್ಕ್ಸ್‌ನಲ್ಲಿ ಸ್ವಲ್ಪ ದೊಡ್ಡ ಅಸೆಂಬ್ಲಿ (ಭಾಗಗಳನ್ನ ಜೋಡಿಸಿದ ಮಾಡೆಲ್) ತೆರೆದರೆ ನಿಂತೇಬಿಡುತ್ತೆ. ಅಪ್ಪ ತೊಂಬತ್ತು ಸಾವಿರದವರೆಗೆ ಕೊಡ್ತೀನಿ ಅಂದಿದ್ದಾರೆ. ರೂಮ್‌ಮೇಟ್ ಮಾತ್ರ "ಎನ್ವಿಡಿಯಾದ ಹೊಸ ಗ್ರಾಫಿಕ್ಸ್ ಚಿಪ್, ಆರ್‌ಟಿಎಕ್ಸ್ 60 ಸರಣಿ ಬರಲಿ, ಹಳೇದರ ರೇಟ್ ಬಿದ್ದುಹೋಗುತ್ತೆ, ಜಿಟಿಎ 6 ಆಟ ಕೂಡ ಬರ್ತಿದೆ, ಸುಮ್ಮನಿರು" ಅಂತಾನೆ. ತಗೊಂಡವರು, ಕಾದವರು ಇಬ್ಬರೂ ಹೇಳಿ.

ಬೆಂಗಳೂರು, ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕೆಲಸ

ನಿನ್ನ ರೂಮ್‌ಮೇಟ್ ಹೇಳಿದ ಮೂರೂ ಮಾತನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಹೊಸ ಸರಣಿ. ಲ್ಯಾಪ್‌ಟಾಪಿಗೆ 30 ಸರಣಿ ಬಂದಿದ್ದು 2021ರ ಆರಂಭದಲ್ಲಿ, 40 ಬಂದಿದ್ದು 2023ರ ಆರಂಭದಲ್ಲಿ, 50 ಬಂದಿದ್ದು 2025ರ ಮಾರ್ಚ್‌ನಲ್ಲಿ. ಹೆಚ್ಚುಕಡಿಮೆ ಎರಡೆರಡು ವರ್ಷಕ್ಕೊಂದು. ಇಲ್ಲಿ ಯಾರೂ ಗಮನಿಸದ ವಿಷಯ ಒಂದಿದೆ: ಮೊದಲು ಬರೋದು ದೊಡ್ಡವರ ಮಾಲು. ಕಳೆದ ಸಲ ಮಾರ್ಚ್‌ನಲ್ಲಿ ಬಂದಿದ್ದು 50 ಸರಣಿಯ 5090, 5080ರಂಥವು. ನಿನ್ನ ಬಜೆಟ್ಟಿಗೆ ಹತ್ತಿರವಾದ 5060 ಬಂದಿದ್ದು ಮೇ ತಿಂಗಳಲ್ಲಿ, 5050 ಇನ್ನೂ ತಡ. ಬಂದ ತಕ್ಷಣ ಆಫರ್ ಏನೂ ಇರಲ್ಲ. ಅಂದರೆ ನೀನು ಕಾಯಬೇಕಾಗಿರೋದು ಘೋಷಣೆ ಆಗೋ ದಿನಕ್ಕಲ್ಲ, ಅದಾದ ಮೇಲೂ ತಿಂಗಳುಗಟ್ಟಲೆ. ಅಷ್ಟೊತ್ತಿಗೆ ನಿನ್ನ ಮೂರನೇ ವರ್ಷ ಅರ್ಧ ಮುಗಿದಿರುತ್ತೆ.

ಎರಡನೆಯದು, ರೇಟ್ ಬೀಳುತ್ತೆ ಅನ್ನೋದು. ಮಾಮೂಲಿ ವರ್ಷಗಳಲ್ಲಿ ಇದು ನಿಜ. ಈಗಿನ ಪರಿಸ್ಥಿತಿ ಬೇರೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿರೋದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ರೇಟ್ ಏರಿದ್ದು ನೋಡಿದ್ದೀಯಲ್ಲ. ಅಂಗಡಿಯಲ್ಲಿ ನಾವು ಕೊಳ್ಳುತ್ತಿದ್ದ ಕ್ರೂಷಿಯಲ್ ರ್‍ಯಾಮ್ ವ್ಯಾಪಾರವನ್ನೇ ನಿಲ್ಲಿಸೋದಾಗಿ ಮೆಮೊರಿ ಚಿಪ್ ಮಾಡೋ ಮೈಕ್ರಾನ್ ಕಂಪನಿ ಆ ಡಿಸೆಂಬರ್‌ನಲ್ಲಿ ಹೇಳಿತು. ಲ್ಯಾಪ್‌ಟಾಪ್ ಕಂಪನಿಗಳೂ ಅದೇ ಚಿಪ್ಪನ್ನೇ ಕೊಳ್ಳಬೇಕು. ಅದರ ಹೊರೆ ಕೊನೆಗೆ ಬೀಳೋದು ನಮ್ಮ ತಲೆ ಮೇಲೇ.

ಮೂರನೆಯದಂತೂ ನಗು ಬರಿಸುತ್ತೆ. ಜಿಟಿಎ 6ಕ್ಕೆ ಘೋಷಿಸಿರೋ ದಿನಾಂಕ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಕನ್ಸೋಲ್‌ಗೆ, ಪಿಸಿಗಲ್ಲ. ಜಿಟಿಎ 5 ಕನ್ಸೋಲ್‌ಗೆ ಬಂದಿದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ ಬಂದಿದ್ದು 2015ರ ಏಪ್ರಿಲ್‌ನಲ್ಲಿ! ಆ ಆಟ ನಂಬಿಕೊಂಡು ಲ್ಯಾಪ್‌ಟಾಪ್ ಮುಂದೂಡೋದು ಬೇಡ.

ತಗೊಳ್ಳೋದಾದರೆ ಒಂದೇ ಒಂದು ವಿಷಯಕ್ಕೆ ಕಣ್ಣಿಡು: ಸ್ಪೆಕ್ ಶೀಟಿನಲ್ಲಿ ಟಿಜಿಪಿ ಅಂತ ಒಂದು ಸಾಲು ಇರುತ್ತೆ, ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟ್ ಕೊಡ್ತಾರೆ ಅಂತ. 4060 ಅನ್ನೋ ಹೆಸರಲ್ಲೇ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಬೇರೆಬೇರೆ ಲ್ಯಾಪ್‌ಟಾಪ್‌ಗಳಿವೆ. ಸ್ಟಿಕ್ಕರ್ ಒಂದೇ, ಓಟ ಬೇರೆ. ಕಡಿಮೆ ವ್ಯಾಟ್‌ನ ತೆಳ್ಳನೆ 4060ಕ್ಕಿಂತ ಪೂರ್ತಿ ವ್ಯಾಟ್ ಸಿಗೋ 4050 ಚೆನ್ನಾಗಿ ಆಡಿಸಿದ್ದನ್ನ ನಾನೇ ನೋಡಿದ್ದೀನಿ. ಹಾಗಂತ 4050 ತಗೋ ಅಂತಲ್ಲ. ಅದರಲ್ಲಿರೋದು 6 ಜಿಬಿ ವಿಡಿಯೋ ಮೆಮೊರಿ. ಹೊಸ ಆಟಗಳಲ್ಲಿ ಟೆಕ್ಸ್ಚರ್ ಸ್ವಲ್ಪ ಏರಿಸಿದರೆ ಅಷ್ಟೂ ತುಂಬಿ, ಆಟ ತಡವರಿಸೋಕೆ ಶುರು. 5050, 4060, 5060 ಮೂರರಲ್ಲೂ 8 ಜಿಬಿ ಇದೆ. ಇವುಗಳಲ್ಲಿ ಯಾವುದು ಒಳ್ಳೇ ವ್ಯಾಟ್‌ನಲ್ಲಿ ಬಜೆಟ್ ಒಳಗೆ ಸಿಗುತ್ತೋ ಅದು.

ಹುಬ್ಬಳ್ಳಿ, ಲ್ಯಾಪ್‌ಟಾಪ್ ರಿಪೇರಿ ಅಂಗಡಿ

ತಮ್ಮಾ, ಬೆಂಗಳೂರಿನವ್ರು ಹೇಳಿದ್ದು ಖರೇ ಐತಿ. ನಾ ಬಿಚ್ಚಿ ನೋಡಿದ್ದು ಹೇಳ್ತೀನಿ. ನಮ್ಮ ಕಡೆ ಬರೋ ಗೇಮಿಂಗ್ ಲ್ಯಾಪ್‌ಟಾಪಿನಾಗ ಕಂಪ್ಲೇಂಟ್ ಹೆಚ್ಚಾಗಿ ಒಂದ: "ಬಿಸಿ ಆಗ್ತೈತಿ, ಮೊದಲಿನಂಗ ಓಡವಲ್ದು." ಹಿಂದಿನ ಮುಚ್ಚಳ ತೆಗದ್ರ ಫ್ಯಾನಿನ ಬಾಯಾಗ ಧೂಳು ಕಂಬಳಿ ಹಾಸಿದಂಗ ಕುಂತಿರ್ತದ. ಹಾಸಿಗಿ ಮ್ಯಾಲ ಇಟ್ಟು ಆಡ್ತಾರ, ಗಾಳಿ ಎಲ್ಲಿಂದ ಹೋಗಬೇಕ ಹೇಳು. ವರ್ಷಕ್ಕೊಮ್ಮೆ ಸ್ವಚ್ಛ ಮಾಡಿಸಿ, ಥರ್ಮಲ್ ಪೇಸ್ಟ್ ಒಣಗಿದ್ರ ಬದಲಿ ಮಾಡಿಸಿದ್ರ ಹಳೇ 3050ನೂ ಚಂದ ನಡೀತೈತಿ.

ತಗೊಳ್ಳೋ ಮುಂದ ರ್‍ಯಾಮ್ ಸ್ಲಾಟ್ ಎಷ್ಟು ಅದಾವು ಕೇಳು. ಗ್ರಾಫಿಕ್ಸ್ ಚಿಪ್ ಬೋರ್ಡಿಗೇ ಬೆಸುಗಿ ಹಾಕಿರ್ತಾರ, ಅದನ್ನ ಮುಂದ ಬದಲಿ ಮಾಡಾಕ ಬರಂಗಿಲ್ಲ. ಆದ್ರ ರ್‍ಯಾಮ್, ಎಸ್‌ಎಸ್‌ಡಿ ಆಮ್ಯಾಲ ಹಾಕಬಹುದು. ಅದಕ್ಕ ಈಗ ರೊಕ್ಕ ಗ್ರಾಫಿಕ್ಸ್ ಮ್ಯಾಲ ಹಾಕು, 16 ಜಿಬಿ ಇದ್ರ ಸಾಕು. ಒಂದ ಕಡ್ಡಿ 16 ಇದ್ರ ಇನ್ನೊಂದು ಸ್ಲಾಟ್ ಖಾಲಿ ಐತೇನು ನೋಡ್ಕೋ. ಕೆಲವು ತೆಳ್ಳನ ಮಾಡೆಲ್ಲಿನಾಗ ರ್‍ಯಾಮೂ ಬೆಸುಗಿ ಹಾಕಿರ್ತಾರ, ಅದರ ಸಹವಾಸ ಬ್ಯಾಡ.

ಮೈಸೂರು, ಆರ್ಕಿಟೆಕ್ಚರ್ ಕೊನೇ ವರ್ಷ

ಆಟದ ಬಗ್ಗೆ ನನಗೆ ಗೊತ್ತಿಲ್ಲ, ರೆಂಡರ್‌ಗೋಸ್ಕರ ಗೇಮಿಂಗ್ ಲ್ಯಾಪ್‌ಟಾಪ್ ಹೊತ್ತು ತಿರುಗಿದವಳು ನಾನು. ಹೊತ್ತು ಅಂದದ್ದು ಸುಮ್ಮನೆ ಅಲ್ಲ. ಲ್ಯಾಪ್‌ಟಾಪೇ ಎರಡೂವರೆ ಕೆಜಿ ಹತ್ತಿರ, ಅದರ ಮೇಲೆ ಇಟ್ಟಿಗೆ ಗಾತ್ರದ ಚಾರ್ಜರ್. ಅದಿಲ್ಲದೆ ಕಾಲೇಜಿಗೆ ಹೋದರೆ ಮಧ್ಯಾಹ್ನದೊಳಗೆ ಬ್ಯಾಟರಿ ಕೈಕೊಡುತ್ತೆ, ಬ್ಯಾಟರಿಯಲ್ಲಿದ್ದಾಗ ಗ್ರಾಫಿಕ್ಸ್ ಪೂರ್ತಿ ವೇಗದಲ್ಲಿ ಓಡೋದೂ ಇಲ್ಲ. ಲೈಬ್ರರಿಯಲ್ಲಿ ರೆಂಡರ್ ಹಾಕಿದರೆ ಫ್ಯಾನ್ ಸದ್ದಿಗೆ ಎಲ್ಲರೂ ತಿರುಗಿ ನೋಡ್ತಾರೆ.

ಇನ್ನೊಂದು ಮಾತು, ನೀವು ಕೇಳದೇ ಇದ್ದರೂ ಹೇಳ್ತೀನಿ. ಸಾಲಿಡ್‌ವರ್ಕ್ಸ್ ನಿಲ್ಲೋದು ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದಕ್ಕೇ ಅಂತ ಅಂದುಕೊಳ್ಳಬೇಡಿ. ದೊಡ್ಡ ಅಸೆಂಬ್ಲಿಗೆ ಮೊದಲು ಬೇಕಾಗೋದು ರ್‍ಯಾಮ್ ಮತ್ತು ಒಂದು ಚುರುಕಾದ ಪ್ರೊಸೆಸರ್ ಕೋರ್. ಅಸೆಂಬ್ಲಿ ತೆರೆದು ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ನೂರರ ಹತ್ತಿರ ನಿಂತಿದ್ದರೆ ರೋಗ ಅಲ್ಲೇ ಇದೆ. ನನ್ನ ಜೂನಿಯರ್ ಒಬ್ಬ ಹಳೇದಕ್ಕೆ ಇನ್ನೊಂದು 8 ಜಿಬಿ ಹಾಕಿಸಿ ಎರಡು ಸೆಮಿಸ್ಟರ್ ತಳ್ಳಿದ.

ಅಂಗಡಿಗೆ ಹೋದರೆ ಪರದೆಯನ್ನ ಕಣ್ಣಾರೆ ನೋಡಿ. ಪರದೆ ಎಷ್ಟು ಬಣ್ಣ ತೋರಿಸುತ್ತೆ ಅನ್ನೋದರ ಅಳತೆಯಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಬರೆದಿದ್ದರೆ ಬಣ್ಣ ಪೇಲವ. 100 ಪರ್ಸೆಂಟ್ ಎಸ್‌ಆರ್‌ಜಿಬಿ ಇದ್ದರೆ ತಗೊಳ್ಳಿ.

ಮಂಗಳೂರು

ಕಾದವನು ನಾನು. ದಸರಾ ಆಫರ್‌ನಲ್ಲಿ ಕಾರ್ಟಿಗೆ ಹಾಕಿ ಇಟ್ಟಿದ್ದ 4060 ಮಾಡೆಲ್, ಜನವರಿ ಆಫರ್‌ನಲ್ಲಿ ಇನ್ನೂ ಇಳಿಯುತ್ತೆ ಅಂತ ಬಿಟ್ಟೆ ಮಾರಾಯ್ರೆ. ಜನವರಿಯಲ್ಲಿ ಅದೇ ಮಾಡೆಲ್ ಸ್ಟಾಕೇ ಇರಲಿಲ್ಲ, ಅದರ ತಮ್ಮನಂಥದ್ದಕ್ಕೆ ಏಳು ಸಾವಿರ ಜಾಸ್ತಿ. ಅದನ್ನೇ ತಗೊಂಡೆ. ನಿಮಗೆ ಎರಡು ಮೂರು ವಾರದಲ್ಲಿ ಆಫರ್ ಇದ್ದರೆ ಕಾಯಿರಿ, ಮುಂದಿನ ವರ್ಷದ ಚಿಪ್ಪಿಗೆ ಕಾಯೋದು ಬೇಡ.

ತುಮಕೂರು, ಮಗಳಿಗೆ ಕೊಡಿಸಿದವರು

ನಿಮ್ಮ ತಂದೆಯವರಿಗೆ ತೋರಿಸಿ. ನೋ ಕಾಸ್ಟ್ ಇಎಂಐ ಅಂದರೂ ಪ್ರೊಸೆಸಿಂಗ್ ಫೀ, ಬಡ್ಡಿಯ ಮೇಲಿನ ಜಿಎಸ್‌ಟಿ ಕೈಯಿಂದ ಹೋಗುತ್ತೆ, ಒಟ್ಟು ಕೂಡಿಸಿ ನೋಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲೇಬೇಕು. ದಾವಣಗೆರೆಯಲ್ಲಿ ಆ ಕಂಪನಿ ಮನೆಗೇ ಬಂದು ಸರ್ವೀಸ್ ಕೊಡುತ್ತಾ ಅಂತ ಮೊದಲೇ ಫೋನ್ ಮಾಡಿ ವಿಚಾರಿಸಿ.

ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಟಾಸ್ಕ್ ಮ್ಯಾನೇಜರ್ ನೋಡಿದೆ ಅಕ್ಕ, ಮೆಮೊರಿ 96 ಪರ್ಸೆಂಟ್! ಆದರೆ ಇದರಲ್ಲಿ ರ್‍ಯಾಮ್ ಬೆಸುಗೆ ಹಾಕಿದ್ದಂತೆ, ಅಂಗಡಿಯವರು ಆಗಲ್ಲ ಅಂದರು. ಹಾಗಾಗಿ ಕಾಯಲ್ಲ. ಒಂದು 5050, ಒಂದು 4060 ಆರಿಸಿಟ್ಟಿದ್ದೀನಿ, ಎರಡರ ಮಧ್ಯೆ ನಾಲ್ಕು ಸಾವಿರ ವ್ಯತ್ಯಾಸ. 4060ರ ಟಿಜಿಪಿ ಎಲ್ಲೂ ಬರೆದಿಲ್ಲ.

ಬೆಂಗಳೂರು, ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕೆಲಸ

ಬರೆದಿಲ್ಲ ಅಂದರೆ ಬಹುಪಾಲು ಕಡಿಮೆ ಅಂತಲೇ ಅರ್ಥ. ಚಾರ್ಜರ್ ಎಷ್ಟು ವ್ಯಾಟ್‌ದು ನೋಡು, ಅದರಿಂದಲೂ ಅಂದಾಜು ಸಿಗುತ್ತೆ. ಎರಡರದ್ದೂ ಪೂರ್ತಿ ಮಾಡೆಲ್ ನಂಬರ್ ಇಲ್ಲಿ ಹಾಕು, ಸಂಜೆ ನೋಡಿ ಹೇಳ್ತೀನಿ.